ಸರ್ ಸತ್ತಿರಬೇಕು

ಕೇಳುವುದಕ್ಕಿಂತ ಊಹಿಸುವುದೇ ಸಲೀಸು ಎನ್ನುವ ನಮ್ಮ ಕಡೆ ಈಗ ಹೇಳಲಿರುವಂಥವು ಆಗುತ್ತಲೇ ಇರುತ್ತವೆ. ಹಡಗಿನ ಅಡುಗೆಮನೆಯಲ್ಲಿ ದುಡಿಯುವಾಗ ಕಲಿತ ಸ್ಪ್ಯಾನಿಷ್ ಭಾಷೆಯನ್ನು ಈಗ ನಮ್ಮೂರು ಇಂಡಿಯಲ್ಲಿ ಕಲಿಸುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತೇ ಇರಲಿಲ್ಲ. ಯಾರಾದರೂ ಬರಲಿ ಎಂದೇ ಕ್ಲಾಸು ತೆಗೆದೆ. ಸೇರಿದವರಲ್ಲಿ ಕೊನೆಗೆ ಉಳಿದವರು ಇಬ್ಬರು: ಸ್ಪೇನಿಗೆ ಹಣ್ಣು ಕಳಿಸುವ ಆಸೆಯ ನಿಂಬೆ ವ್ಯಾಪಾರಿ, ಅಲ್ಲಿ ಕೆಲಸ ಹಿಡಿಯುವ ಆಸೆಯ ಮುದ್ದೇಬಿಹಾಳದ ನರ್ಸ್. ಇವರೂ ಬಿಟ್ಟರೆ ಗೋಡೆಗೆ ಪಾಠ ಹೇಳಬೇಕು.

ಅರ್ಧ ಕಪ್ ಚಹಾ

ಆಗಿಹೋದದ್ದನ್ನು ಊಹಿಸಿ ಹೇಳಲು ಸ್ಪ್ಯಾನಿಷ್‌ನಲ್ಲಿ ಬೇರೆಬೇರೆ ಕ್ರಿಯಾರೂಪಗಳಿವೆ. ಮುಗಿದಿರಬೇಕು ಎನ್ನಲು ಒಂದು, ಆಗ ನಡೆದಿತ್ತೇನೋ ಎನ್ನಲು ಇನ್ನೊಂದು. ಖಾಲಿ ಕುರ್ಚಿ, ಅರ್ಧ ಕುಡಿದ ಚಹಾ ಇದ್ದ ಚಿತ್ರ ತೋರಿಸಿ, "ಏನಾಗಿರಬೇಕು?" ಎಂದೆ.

"ಮಂದಿ ಉಸಾಬರಿ ನಮಗ್ಯಾಕ್ರಿ?" ಎಂದ ವ್ಯಾಪಾರಿ.

ನರ್ಸ್ ಚಿತ್ರವನ್ನೇ ದಿಟ್ಟಿಸಿ, "ಸತ್ತಿರಬೇಕ್ರಿ," ಎಂದಳು. "ಬದುಕಿದಾವ ಅರ್ಧಾ ಚಾ ಬಿಟ್ಟು ಹೋಗೂದಿಲ್ರಿ."

ಸಿಂದಗಿಯ ಪ್ರವಚನ

ಸಿಂದಗಿಯ ಗೆಳೆಯನ ಮನೆ ಕಟ್ಟೆಯ ಮೇಲೆ ಒಂದು ದಿನ ಪುಕ್ಕಟೆ ಪಾಠ ಇಟ್ಟೆ. ಕಟ್ಟೆ ತುಂಬಿತು. ಎಲ್ಲರೂ ಕೈಕಟ್ಟಿ ಕೇಳಿದರು. ಮುಗಿದ ಮೇಲೆ ಒಬ್ಬ ಅಜ್ಜ ಬಂದು ಕೈಮುಗಿದ. ಪ್ರವಚನ ಎಂದುಕೊಂಡಿದ್ದರಂತೆ.

"ಅಜ್ಜಾರ, ಒಂದು ಅಕ್ಷರನಾದ್ರೂ ತಿಳೀತೇನ್ರಿ?"

"ತಿಳದ್ರ ಅದೆಂಥಾ ಪ್ರವಚನರಿ ಯಪ್ಪಾ?"

ಮರುವಾರ ಫೀ ಇಟ್ಟ ಪಾಠಕ್ಕೆ ಬಂದದ್ದು ಗೆಳೆಯನ ನಾಯಿ ಒಂದೇ.

ಬುತ್ತಿ

ಕ್ಲಾಸು ಸಾಕು ಎನಿಸಿತು. ಅದರ ಮೇಲೆ ಜ್ವರ. ಬಾಗಿಲು ಹಾಕಿ, ಫೋನ್ ಬಂದ್ ಮಾಡಿ ಮಲಗಿದೆ. ಸತ್ತರೂ ಯಾರಿಗೆ ಗೊತ್ತಾಗಬೇಕು ಎಂದು ಬಹಳ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ವ್ಯಾಪಾರಿ, ನರ್ಸ್ ಇಬ್ಬರೂ ಬುತ್ತಿಗಂಟು ಹಿಡಿದು ನಿಂತಿದ್ದಾರೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಪರಿಚಯದವರು ರೊಟ್ಟಿ, ಪಲ್ಯ ಒಯ್ಯುವುದು ನಮ್ಮಲ್ಲಿ ವಾಡಿಕೆ.

ನನ್ನನ್ನು ನೋಡಿ ವ್ಯಾಪಾರಿ ಗಾಬರಿಯಾದ. "ಕ್ಲಾಸ್ ಬಂದ್, ಫೋನ್ ಬಂದ್. ನೀವು ಸತ್ತಿರಬೇಕು, ಬಾಗೇವಾಡಿಯಿಂದ ನಿಮ್ಮ ತಂಗಿ ಬಂದು ಅಳಾಕತ್ತಿರಬೇಕು ಅಂದ್ಕೊಂಡಿದ್ವಿರಿ. ಮತ್ತ ಸತ್ತಾವ್ರು ಯಾರ್ರಿ?"

"ಯಾರೂ ಸತ್ತಿಲ್ಲೋ ಮಾರಾಯಾ!"

ನರ್ಸ್ ನನ್ನ ನಾಡಿ ಹಿಡಿದು ಖಾತ್ರಿ ಮಾಡಿಕೊಂಡಳು. ಸಾವಿಗೆ ತಂದ ಬುತ್ತಿ ವಾಪಸ್ ಒಯ್ಯಬಾರದು ಎಂದು ವ್ಯಾಪಾರಿ ಹಟ ಹಿಡಿದ. ಹೀಗಾಗಿ ನನ್ನ ಸಾವಿನ ಊಟಕ್ಕೆ ನಾನೇ ಕುಳಿತೆ. ಪುಂಡಿಪಲ್ಯದ ಮೊದಲ ತುತ್ತಿಗೇ ಕಣ್ಣು ತುಂಬಿ ಬಂತು. ನನಗಾಗಿ ಎರಡು ಮನೆಯಲ್ಲಿ ರೊಟ್ಟಿ ಬಡಿದಿದ್ದರಲ್ಲ!

"ಸರ್, ಲಗೂನ ಉಂಡು ಪಾಠ ಸುರು ಮಾಡ್ರಿ," ಎಂದ ವ್ಯಾಪಾರಿ. "ಅಳಾಕ ನಾವು ಬಂದೇವಿ. ಸತ್ತಾವ್ರಽ ಅಳಕೋತ ಕುಂತ್ರ ಹ್ಯಾಂಗ್ರಿ?"