ಮುಖ ಕಳೆದುಕೊಂಡ ಗುಂಡಿಗಳು

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಸುಲಭ, ನನಗೂ ಸುಲಭ. ಹಲ್ಲಿ ಲೊಚಗುಟ್ಟಿದರೆ ಎದೆ ಹೊಡೆದುಕೊಳ್ಳುತ್ತದೆ, ಗುರುತಿಲ್ಲದ ನಂಬರಿನಿಂದ ಫೋನು ಬಂದರೆ ಕುಳಿತುಕೊಂಡೇ ಎತ್ತುತ್ತೇನೆ. "ನೀ ಹೆದರಲಾರದ್ದು ಈ ಭೂಮಿ ಮ್ಯಾಲ ಒಂದ ಐತಿ, ಅದು ನಾನು" ಎನ್ನುತ್ತಾರೆ ನಮ್ಮ ಯಜಮಾನರು. ಅದೂ ಖರೆಯೇ. ಆದರೆ ಕಂಪ್ಯೂಟರಿನ ಹೆದರಿಕೆ ಇವೆಲ್ಲಕ್ಕಿಂತ ಬೇರೆ ನಮೂನೆಯದು. ಎರಡು ದಿನದಿಂದ ಅದು 'ಹೊಸ ಆವೃತ್ತಿ ಬಂದಿದೆ, ಹಾಕಲೇ?' ಎಂದು ಕೇಳುತ್ತಿತ್ತು. ಬೇಡ ಎಂದೆ. ಮೂರನೆಯ ದಿನವೂ ಕೇಳಿತು. ಯಾರೇ ಆಗಲಿ, ಮೂರು ಸಲ ಕೇಳಿದರೆ ಇಲ್ಲ ಎನ್ನುವುದು ನನ್ನ ಕೈಲಾಗದು. ನಮ್ಮ ಮನೆಗೆ ಮೂರು ಮಿಕ್ಸರು ಬಂದದ್ದೂ ಹೀಗೆಯೇ. 'ಹಾಕು' ಎಂದು ಒತ್ತಿಬಿಟ್ಟೆ.

ರಾಣೆಬೆನ್ನೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾರ್ಡು ಟೈಪ್ ಮಾಡುವುದು ನನ್ನ ಕೆಲಸ. ದಿನವೂ ಅದದೇ ಒಕ್ಕಣೆ ಬರೆದು ಬೇಸತ್ತು, ಆರು ವರ್ಷದ ಹಿಂದೆ ಟೈಪ್ ಮಾಡುವ ತಂತ್ರಾಂಶದ ನೆತ್ತಿಯ ಮೇಲೆ ನನ್ನವೇ ನಾಲ್ಕು ಗುಂಡಿ ಮಾಡಿಕೊಂಡಿದ್ದೆ. ಒಂದೊಂದಕ್ಕೂ ಪುಟ್ಟ ಚಿತ್ರ. ಮದುವೆಗೆ ಬಾಸಿಂಗ, ಸೀಮಂತಕ್ಕೆ ಹಸಿರು ಬಳೆ, ಗೃಹಪ್ರವೇಶಕ್ಕೆ ಬಾಗಿಲು, ಶಿವಗಣಾರಾಧನೆಗೆ, ಅಂದರೆ ತೀರಿಕೊಂಡವರ ಕಾರ್ಡಿಗೆ, ವಿಭೂತಿ. ಹೆಸರು ಬರೆದು ಗುಂಡಿ ಒತ್ತಿದರೆ ಸಾಕು, ಆ ಹೆಸರಿನ ಸುತ್ತ ಇಡೀ ಕಾರ್ಡು ಎದ್ದು ಕೂರುತ್ತಿತ್ತು.

ಹೊಸ ಆವೃತ್ತಿ ತೆರೆದರೆ ಬಾಸಿಂಗವೂ ಇಲ್ಲ, ವಿಭೂತಿಯೂ ಇಲ್ಲ! ಸಾಲಾಗಿ ನಾಲ್ಕು ಬೂದು ಚೌಕ. ಹಾವೇರಿಯಲ್ಲಿರುವ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಹಚ್ಚಿದೆ.

"ಗುಂಡಿ ಎಲ್ಲಾ ಅದಾವ್ರಿ ಅಕ್ಕಾರ, ಬರೇ ಮಾರಿ ಹೋಗ್ಯಾವು. ನಾಳಿಗೆ ಬರ್ತೀನಿ, ಅಲ್ಲಿತನಕ ಎಣಿಸಿ ಒತ್ರಿ."

"ಮೊದಲಿನ ಸಾಲಿನಂಗ ಅದಾವೇನಪಾ?"

"ಇರಬೇಕ್ರಿ" ಎಂದ. ಕನ್ನಡದಲ್ಲಿ ಇದಕ್ಕಿಂತ ಭಯಂಕರವಾದ ಉತ್ತರ ಇನ್ನೊಂದಿಲ್ಲ.

ಯಾವುದಾದರೂ ಸುಳ್ಳು ಹೆಸರು ಹಾಕಿ ಒಂದೊಂದೇ ಒತ್ತಿ ನೋಡೋಣ ಎನ್ನುವಷ್ಟರಲ್ಲಿ ಬ್ಯಾಡಗಿಯ ಗೌಡರು ಬಂದರು. ಮಗಳ ಮದುವೆ. "ಲಗೂ ಮಾಡ್ರಿ ಅಕ್ಕಾರ. ಹನ್ನೆರಡಕ್ಕ ರಾಹುಕಾಲ ಹತ್ತತೈತಿ, ಅದರೊಳಗ ಮೊದಲನೇ ಹಾಳಿ ನನ್ನ ಕೈಯಾಗ ಇರಬೇಕು" ಎಂದು ನನ್ನ ಮಗ್ಗುಲಿಗೇ ನಿಂತರು. ಮೊದಲ ಹಾಳೆಯ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ ಮನೆದೇವರ ಮುಂದಿಡುವುದು ಅವರ ಮನೆತನದ ಪದ್ಧತಿ. ಅರಿಷಿಣದ ಪೊಟ್ಟಣವನ್ನೂ ತಂದಿದ್ದರು. ಮಗಳು ಗಿರಿಜಾಳ ಹೆಸರು ಬರೆದು, ದೇವರ ಮೇಲೆ ಭಾರ ಹಾಕಿ ಮೊದಲನೆಯ ಚೌಕ ಒತ್ತಿದೆ. ಗಡಿಬಿಡಿಯಲ್ಲಿ ಓದಿಯೂ ನೋಡದೆ ಪ್ರಿಂಟ್ ಕೊಟ್ಟೆ. ಹಾಳೆ ಹೊರಬಿದ್ದದ್ದೇ ತಡ, ಗೌಡರು ಎತ್ತಿಕೊಂಡು ಅರಿಷಿಣ ಹಚ್ಚಿಯೇಬಿಟ್ಟರು. ಆಮೇಲೆ ಜೇಬು ತಡವಿಕೊಂಡು, "ಚಾಳೀಸು ಮನ್ಯಾಗ ಬಿಟ್ಟು ಬಂದೇನಿ. ನೀವ ಓದಿ ಹೇಳ್ರಿ" ಎಂದರು.

'ನಮ್ಮ ಪ್ರೀತಿಯ ಗಿರಿಜಾ ಶಿವನ ಪಾದ ಸೇರಿದ ಪ್ರಯುಕ್ತ' ಎಂದಿತ್ತು.

ಅಯ್ಯೋ ಶಿವನೇ! ಕಣ್ಣು ಆ ಸಾಲಿನ ಮೇಲೆಯೇ ಅಂಟಿಕೊಂಡಿತು. ಬಾಯಿ ಮಾತ್ರ ನನ್ನ ಅಪ್ಪಣೆಗೂ ಕಾಯದೆ, "ಗುರುಹಿರಿಯರ ಆಶೀರ್ವಾದದಿಂದ ನಮ್ಮ ಜ್ಯೇಷ್ಠ ಸುಪುತ್ರಿ ಚಿ. ಸೌ. ಗಿರಿಜಾಳ ವಿವಾಹ ಮಹೋತ್ಸವಕ್ಕೆ" ಎಂದು ಶುರುಹಚ್ಚಿಕೊಂಡಿತು. ಎಲ್ಲಿಯೂ ತಡವರಿಸದೆ 'ಆಶೀರ್ವಾದವೇ ಉಡುಗೊರೆ' ಎಂಬಲ್ಲಿಯವರೆಗೂ ಹೇಳಿ ಮುಗಿಸಿತು. ಗೌಡರ ಕಣ್ಣು ಒದ್ದೆಯಾಗಿತ್ತು. "ಎಷ್ಟು ಛಂದ ಬರದೀರಿ" ಎಂದು ಹಾಳೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಹೊರಟೇಬಿಟ್ಟರು.

ಅಪಶಕುನ ಗಿಪಶಕುನ ಎಲ್ಲ ಸುಳ್ಳು ಎಂದು ಮಂದಿಯ ಮನೆಯಲ್ಲಿ ಕೂತು ವಾದ ಮಾಡುವವಳು ನಾನು. ಆದರೆ ಆ ಹಾಳೆ ದೇವರ ಮುಂದೆ ಹೋಗಿ, ನಾಳೆ ಆ ಹುಡುಗಿಗೆ ಒಂದು ಸೀನು ಬಂದರೂ ನನಗೆ ಅನ್ನ ಸೇರುತ್ತದೆಯೇ? ಓಡಿಹೋಗಿ ಮೆಟ್ಟಿಲ ಬಳಿ ಅಡ್ಡ ನಿಂತೆ.

"ಗೌಡ್ರ, ಆ ಹಾಳಿ ಕೊಡ್ರಿ!"

"ಅರಿಷಿಣ ಹಚ್ಚಿದ್ದು ತಿರಗಿ ಕೊಡಬಾರದ್ರಿ ಅಕ್ಕಾರ."

"ಅದು ಮದುವಿ ಕಾರ್ಡ ಅಲ್ರಿ" ಎಂದು ಅಳುತ್ತಲೇ ಎಲ್ಲ ಹೇಳಿಬಿಟ್ಟೆ. ಗೌಡರು ಹಾಳೆಯನ್ನು ಬಿಚ್ಚಿ, ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಮಗಳ ಹೆಸರು ಹುಡುಕಿದರು. ಅದರ ಪಕ್ಕದ್ದನ್ನು ತುಟಿಯಲ್ಲೇ ಓದಿದರು. ಮೆಟ್ಟಿಲ ಮೇಲೆ ಕುಸಿದು ಕುಳಿತರು. ನನ್ನ ನೌಕರಿ ಹೋಯಿತು, ಮಾನವೂ ಹೋಯಿತು ಎಂದುಕೊಂಡೆ. ಅವರು ಒಂದು ತಂಬಿಗೆ ನೀರು ಕೇಳಿದರು. ಹಾಳೆಯನ್ನು ಅದರಲ್ಲಿ ಅದ್ದಿ, ಮಗಳ ಹೆಸರು ಕರಗಿಹೋಗುವವರೆಗೂ ಹೆಬ್ಬೆರಳಿನಿಂದ ತಿಕ್ಕಿದರು.

"ಮತ್ತ ನೀವು ಓದಿದ್ದು?"

"ಅದು ಬಾಯಿಲೆ ಅಂದಿದ್ದು ಗೌಡ್ರ."

"ಹಂಗಾರ ಅದನ್ನ ಬರೀರಿ. ಇನ್ನೂ ಹೊತ್ತೈತಿ."

ಆಗ ಹೊಳೆಯಿತು, ಇಡೀ ಒಕ್ಕಣೆ ನನಗೆ ಬಾಯಿಪಾಠ! ಆರು ವರ್ಷ ಈ ಗುಂಡಿಗಳ ಹಂಗು ನನಗೇಕೆ ಬೇಕಿತ್ತು? ಸೆರಗು ಸಿಕ್ಕಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಗಿರಿಜಾ ಎಂದು ಬರೆದೆ. ಬರೆದು ನೋಡುತ್ತೇನೆ, ನನ್ನ ಬಲಗೈ ಆಗಲೇ ಮೌಸು ಹಿಡಿದು ಎರಡನೆಯ ಚೌಕದ ಮೇಲೆ ಹೋಗಿ ನಿಂತಿದೆ.

ಗೌಡರು ಮೆಲ್ಲಗೆ ಬಗ್ಗಿ ನನ್ನ ಕೈಯಿಂದ ಮೌಸನ್ನು ಬಿಡಿಸಿಕೊಂಡು, "ನೀವು ಬರೀರಿ ಅಕ್ಕಾರ, ಇದನ್ನ ನಾ ಹಿಡ್ಕೊಂಡಿರ್ತೀನಿ" ಎಂದು, ನಾನು ಕೊನೆಯ ಅಕ್ಷರ ಬರೆದು ಮುಗಿಸುವವರೆಗೂ ಎರಡೂ ಕೈಯಲ್ಲಿ ಅದನ್ನು ಎದೆಗವಚಿ ಹಿಡಿದು ನಿಂತಿದ್ದರು.