ಯಾವ ತಪ್ಪು, ಯಾರಿಗೆ, ಸ್ಪಷ್ಟವಾಗಿ ಬರೆಯಿರಿ

“ಈ ವರ್ಷ ನಮ್ಮ ಮನೆತನದ ಕ್ಷಮಾವಣಿ ಇಂಟರ್‌ನೆಟ್ಟಿನಾಗ ಆಗತೈತಿ! ನಾ ಮಾಡಿ ತೋರಸ್ತೇನಿ!”

ಗೋಕಾಕದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಧರಣೇಂದ್ರ ಮಾಸ್ತರರು ಹೀಗೆಂದು ಘೋಷಿಸಿದಾಗ ಕೇಳಲು ಇದ್ದವರು ಹೆಂಡತಿ ತ್ರಿಶಲಾ ಒಬ್ಬರೇ. ಅವರು ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತದೆ, “ಮೊದಲ ಗ್ಯಾಸ್ ಸಿಲಿಂಡರಿಗೆ ನಂಬರ್ ಹಚ್ರಿ,” ಎಂದರು.

ಮಾಸ್ತರರು ಸಿಲಿಂಡರಿನ ಮಟ್ಟಕ್ಕೆ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಅದು ಎರಡು ಸಾವಿರದ ಎಂಟನೆಯ ಇಸವಿ. ಬೆಳಗಾವಿಯಲ್ಲಿ ಶಿಕ್ಷಕರ ಕಂಪ್ಯೂಟರ್ ತರಬೇತಿ ಮುಗಿಸಿ ಬಂದಾಗಿನಿಂದ ಅವರ ಕಾಲು ನೆಲಕ್ಕೆ ಹತ್ತಿರಲಿಲ್ಲ. ಇನ್ನು ಮುಂದಿನ ಜಾಲತಾಣ ಬರೀ ಓದುವವರದ್ದಲ್ಲ, ಬರೆಯುವವರದ್ದು. ಒಂದೇ ಪುಟವನ್ನು ಹತ್ತು ಊರಿನ ಮಂದಿ ತಮ್ಮ ತಮ್ಮ ಮನೆಯಲ್ಲಿ ಕೂತು ಬರೆಯಬಹುದು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು ಎಂದು ಅಲ್ಲಿ ಕಲಿಸಿದ್ದರು. ತಿದ್ದುವುದು ಎಂದರೆ ಮಾಸ್ತರರಿಗೆ ಹೋಳಿಗೆ ಊಟ! ಲಗ್ನಪತ್ರಿಕೆ ಕೈಗೆ ಬಂದರೂ ಕೆಂಪು ಪೆನ್ನು ಹುಡುಕುವ ಮನುಷ್ಯ.

ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯ ದಿನ ಜೈನರ ಮನೆಗಳಲ್ಲಿ ಸಣ್ಣವರು, ದೊಡ್ಡವರು ಎನ್ನದೆ ಒಬ್ಬರಿಗೊಬ್ಬರು ಕೈಮುಗಿದು, “ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ” ಎಂದು ಕೇಳಿಕೊಳ್ಳುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಹರಡಿಕೊಂಡ ಇಡೀ ಮನೆತನ ಒಂದೇ ಪುಟದಲ್ಲಿ ಕೂಡಿ ಕ್ಷಮೆ ಕೇಳಿಬಿಟ್ಟರೆ ಎಷ್ಟು ಚೆಂದ! ಇದು ಮಾಸ್ತರರು ಹೊರಗೆ ಹೇಳಿದ ಮಾತು.

ಒಳಗಿನ ಮಾತು ಬೇರೆ ಇತ್ತು. ಹುಕ್ಕೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಅಣ್ಣ ಶ್ರೇಣಿಕರು ಮಾಸ್ತರರ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅಣ್ಣನ ಮಗಳು ಸನ್ಮತಿಯ ಲಗ್ನದಲ್ಲಿ ಮಾಸ್ತರರು ಅಡಿಗೆಮನೆಯ ಉಸ್ತುವಾರಿ ಹೊತ್ತು, ಬೆವರು ಸುರಿಸಿ ಹೋಳಿಗೆ ಕಳಿಸುತ್ತಿದ್ದಾಗ ಇತ್ತ ಮಂಟಪದಲ್ಲಿ ಮನೆತನದವರ ಫೋಟೋ ತೆಗೆದು ಮುಗಿಸಿದ್ದರು. ಫೋಟೋದಲ್ಲಿ ಎಲ್ಲರೂ ಇದ್ದರು, ಸ್ವಂತ ಹೆಂಡತಿಯೂ ಇದ್ದಳು, ತಾವು ಮಾತ್ರ ಇಲ್ಲ! ಮಾಸ್ತರರು ಊಟ ಮಾಡದೆ ಬಸ್ಸು ಹತ್ತಿದರು. ನನ್ನ ಮಗಳ ಲಗ್ನದಲ್ಲಿ ತಮ್ಮ ಉಣ್ಣದೆ ಹೋದ ಎಂದು ಅಣ್ಣ ಮುಖ ತಿರುಗಿಸಿದರು. ಅಂದಿನಿಂದ ಎರಡೂ ಮನೆಯ ಹಬ್ಬಗಳು ಸಪ್ಪಗಾಗಿದ್ದವು. ಅಣ್ಣನ ಕೈಯಿಂದ ಒಂದು ಸಾಲು, ಒಂದೇ ಒಂದು ಸಾಲು ಬಂದರೆ ಸಾಕು ಎಂದು ಮಾಸ್ತರರ ಜೀವ ಹಂಬಲಿಸುತ್ತಿತ್ತು. ಪುಟ ಹುಟ್ಟಿದ್ದೇ ಆ ಸಾಲಿಗಾಗಿ.

ತ್ರಿಶಲಾಗೆ ಇದು ಗೊತ್ತಿತ್ತು. “ಹುಕ್ಕೇರಿಗೆ ಬಸ್ ಬೇಕಾದಷ್ಟು ಅದಾವು. ಹೋಗಿ ಭಾವಾರ ಕಾಲಿಗೆ ಬೀಳ್ರಿ, ಮುಗೀತು. ಅದಕ್ಕ ಕಂಪ್ಯೂಟರ್ ಯಾಕ ಬೇಕು?”

“ನಾ ಯಾಕ ಮೊದಲ ಹೋಗ್ಲಿ? ಫೋಟೋದಾಗ ಯಾರಿಲ್ಲ? ಅಂವಾ ಇಲ್ಲೋ, ನಾ ಇಲ್ಲೋ?”

“ನಿಮ್ಮ ಮುಖಾ ದಿನಾ ಕನ್ನಡ್ಯಾಗ ನೋಡ್ತೀರಿ, ಸಾಲೂದಿಲ್ಲೇನು?”

ಮಾಸ್ತರರು ಪುಟ ಕಟ್ಟಲು ಕೂತರು. ಕಟ್ಟಿದ್ದೇನೋ ಚೆನ್ನಾಗಿಯೇ ಕಟ್ಟಿದರು. ಆದರೆ ಮಾಸ್ತರಿಕೆ ಬಿಡಬೇಕಲ್ಲ! ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸೂಚನೆ ಬರೆದರು: ‘ಸುಮ್ಮನೆ “ತಿಳಿದೋ ತಿಳಿಯದೆಯೋ” ಎಂದು ಬರೆದು ಜಾರಿಕೊಳ್ಳಬಾರದು. ಯಾವ ತಪ್ಪು, ಯಾರಿಗೆ, ಸ್ಪಷ್ಟವಾಗಿ ಬರೆಯಿರಿ.’

ಅಯ್ಯೋ ಮಾಸ್ತರರೇ! ಹಿರಿಯರು ಅಷ್ಟು ವರ್ಷ ‘ತಿಳಿದೋ ತಿಳಿಯದೆಯೋ’ ಎಂಬ ಮೆತ್ತನೆಯ ದುಪ್ಪಟಿಯನ್ನು ಎಲ್ಲರ ತಪ್ಪುಗಳ ಮೇಲೂ ಹೊದಿಸಿ ಮಲಗಿಸಿದ್ದರು. ಇವರು ಅದನ್ನು ಎಳೆದು ಬಿಸಾಕಿದರು.

ಮೊದಲ ಕ್ಷಮೆ ಮೂಡಲಗಿಯಿಂದ ಬಂತು. ಅಲ್ಲಿರುವ ಸೋದರತ್ತೆ ಕಮಲವ್ವನಿಗೆ ಕಂಪ್ಯೂಟರ್ ಬಾರದು. ಆಕೆ ಹೇಳುತ್ತ ಹೋದಂತೆ ಸೊಸೆ ಭಕ್ತಿ ಬರೆದಿದ್ದಳು. ಮಾಸ್ತರರು ಹೆಮ್ಮೆಯಿಂದ ಗಟ್ಟಿಯಾಗಿ ಓದತೊಡಗಿದರು.

“‘ಗೋಕಾಕದ ತ್ರಿಶಲಾ, ಹೋದ ದೀಪಾವಳಿಗೆ ನೀ ಕಳಿಸಿದ ಕರ್ಚಿಕಾಯಿ ಭಾಳ ಚಲೋ ಆಗಿದ್ವು ಅಂತ ಫೋನಿನಾಗ ಹೇಳಿದ್ದೆ. ಖರೆ ಹೇಳಬೇಕಂದ್ರ ಎಮ್ಮಿಗೆ ಹಾಕಿದ್ದೆ. ಕ್ಷಮಿಸವ್ವಾ.’”

ಓದುತ್ತ ಓದುತ್ತ ಮಾಸ್ತರರ ದನಿ ಸಣ್ಣಗಾಯಿತು. ಅಡಿಗೆಮನೆಯಲ್ಲಿ ಪಾತ್ರೆ ಸಪ್ಪಳ ನಿಂತಿತು.

“ಎಮ್ಮಿಗೆ?” ತ್ರಿಶಲಾ ಬಾಗಿಲಿಗೆ ಬಂದು ನಿಂತರು. “ಒಣ ಕೊಬ್ರಿ, ಗಸಗಸಿ, ಯಾಲಕ್ಕಿ ಹಾಕಿ ಮಾಡಿದ್ದನ್ನ ಎಮ್ಮಿಗೆ?”

“ಕ್ಷಮಾ ಕೇಳ್ಯಾರಲ್ಲ...”

“ಕೇಳಿದ್ದರಿಂದನ ಗೊತ್ತಾತಲ್ರಿ!”

ಆಮೇಲೆ ಹುಚ್ಚು ಹೊಳೆ ಬಂದಂತೆ ಬಂದವು ಕ್ಷಮೆಗಳು. ಒಬ್ಬರು ತಾವು ಮುರಿದ ಸಂಬಂಧಕ್ಕೆ ಕ್ಷಮೆ ಕೇಳಿದರು. ಮುರಿದವರು ಯಾರೆಂದು ಹೆಣ್ಣಿನ ಮನೆಯವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಇನ್ನೊಬ್ಬರು, ಬೀಗರ ಸೀರೆಯನ್ನು ‘ಕಿಡಕಿ ಪಡದೆ ಬಟ್ಟೆ’ ಎಂದು ಒಮ್ಮೆ ಆಡಿಕೊಂಡದ್ದಕ್ಕೆ ಕ್ಷಮೆ ಬೇಡಿದರು. ಅದರ ಕೆಳಗೆ ಮತ್ತೊಬ್ಬರು, ‘ಒಮ್ಮೆ ಅಲ್ಲ, ಮೂರು ಸಲ ಅಂದಾರ, ನಾ ಬಾಜೂಕ ಕುಂತಿದ್ದೆ’ ಎಂದು ತಿದ್ದುಪಡಿ ಹಾಕಿದರು. ಎಲ್ಲರೂ ಎಲ್ಲರದ್ದನ್ನೂ ತಿದ್ದಬಹುದಲ್ಲ! ಅದೇ ತಾನೇ ಹೊಸ ಯುಗ!

ಈ ಯುಗದ ಅತಿ ದೊಡ್ಡ ಸಾಹಸ ಮೂಡಲಗಿಯ ಭಕ್ತಿಯದು. ಅತ್ತೆಯ ಹೆಸರಿನಲ್ಲಿ ಬರೆಯುವ ಅಧಿಕಾರ ಸಿಕ್ಕಿತ್ತು ನೋಡಿ, ಒಂದು ಸಾಲನ್ನು ತಾನೇ ಸೇರಿಸಿದಳು: ‘ನನ್ನ ಬಂಗಾರದಂಥಾ ಸೊಸಿ ಭಕ್ತಿಗೆ ಹಗಲೂ ರಾತ್ರಿ ಕಿರಿಕಿರಿ ಮಾಡೇನಿ. ಆಕಿ ತವರಿಗೆ ಹೊಂಟಾಗೆಲ್ಲ ಸೊಂಟಾ ನೋಯತೈತಿ ಅಂತ ನಾಟಕ ಮಾಡೇನಿ. ಕ್ಷಮಿಸು ಮಗಳ.’ ಮಾರನೆಯ ದಿನ ಬಸದಿಯಲ್ಲಿ ನಾಲ್ಕು ಜನ ಹೆಂಗಸರು ಕಮಲವ್ವನ ಕೈ ಹಿಡಿದು, “ಎಂಥಾ ದೊಡ್ಡ ಮನಸ್ಸವ್ವಾ ನಿಂದು!” ಎಂದಾಗಲೇ ಆಕೆಗೆ ತಾನು ಕ್ಷಮೆ ಕೇಳಿದ್ದು ತಿಳಿದದ್ದು. ಅಂದು ಮೂಡಲಗಿಯ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಕಮಲವ್ವ ನಿಜವಾಗಿಯೂ ಸೊಂಟ ಹಿಡಿದುಕೊಂಡು ಮಲಗಿದಳು, ಭಕ್ತಿ ಚೀಲ ಕಟ್ಟಿಕೊಂಡು ತವರಿಗೆ ಹೊರಟಳು.

ಮಾಸ್ತರರ ಫೋನಿಗೆ ಪುರಸೊತ್ತಿಲ್ಲದಾಯಿತು. ಎತ್ತಿದರೆ ಬೈಗುಳ, ಇಟ್ಟರೆ ಮತ್ತೆ ಗಂಟೆ. ಹುಕ್ಕೇರಿಯಿಂದ ಮಾತ್ರ ಏನೂ ಇಲ್ಲ. ಶಾಲೆಗೆ ಹೋಗುವ ಮುನ್ನ ನೋಡಿದರು, ಬಂದು ನೋಡಿದರು. ಊರಿಗೆಲ್ಲ ಜಗಳ ಹಂಚಿದ ಪುಟ ಅವರಿಗೆ ಬೇಕಾದ ಒಂದು ಸಾಲನ್ನು ಕೊಡಲಿಲ್ಲ. ಅನ್ನ ಸೇರದಾಯಿತು.

“ನೀವರ ಬರೀರಿ,” ಎಂದರು ತ್ರಿಶಲಾ, ಈ ಸಲ ಮೆತ್ತಗೆ. “ಮಂದಿಗೆಲ್ಲ ಬರೀರಿ ಬರೀರಿ ಅಂತ ಹೇಳಿ ನಿಮ್ಮ ಹೆಸರ ಎಲ್ಲೂ ಇಲ್ಲಲ್ಲ.”

“ಅಣ್ಣಂದು ಬರ್ಲಿ. ಅದರ ಕೆಳಗ ನಾ ಬರೀತೇನಿ.”

ಕ್ಷಮಾವಣಿಯ ದಿನ ಬಂತು. ಬಸದಿಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಮನೆಗಳ ಫೋನು. ನಿಮ್ಮ ಪುಟದಿಂದ ನಮ್ಮ ಮಗಳ ನಿಶ್ಚಿತಾರ್ಥ ಅಲುಗಾಡುತ್ತಿದೆ ಎಂದು ಒಬ್ಬರು ಅತ್ತೇಬಿಟ್ಟರು. ಮಾಸ್ತರರ ತಲೆ ಕೆಟ್ಟಿತು. ಕಂಪ್ಯೂಟರ್ ಹಚ್ಚಿದವರೇ, ಪುಟವನ್ನು ಕಣ್ಣೆತ್ತಿಯೂ ನೋಡದೆ, ಮೊದಲ ದಿನ ಹೇಗಿತ್ತೋ ಹಾಗೆ ಹಿಂದಕ್ಕೆ ಒಯ್ಯುವ ಗುಂಡಿ ಒತ್ತಿದರು. ತರಬೇತಿಯಲ್ಲಿ ಅದನ್ನೂ ಕಲಿಸಿದ್ದರು. ಎಮ್ಮೆ, ಪಡದೆ, ಸೊಂಟನೋವು ಎಲ್ಲ ಒಂದೇ ಏಟಿಗೆ ಮಾಯ! ಬಿಳಿ ಪುಟ, ಮೇಲೆ ಮಾಸ್ತರರ ದಪ್ಪ ಸೂಚನೆ.

“ಪೀಡಾ ಹೋತು!” ಎಂದು ಕೈ ಝಾಡಿಸಿದರು.

ಪೀಡೆ ಹೋಗಿರಲಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತಿತ್ತು ಅಷ್ಟೆ. ಬರೆದವರಿಗೆಲ್ಲ ಆ ಯಂತ್ರ ತಾನೇ ಮೇಲ್ ಕಳಿಸಿತು: ‘ನೀವು ಬರೆದದ್ದನ್ನು ಧರಣೇಂದ್ರ ಅಳಿಸಿದ್ದಾರೆ.’ ಮತ್ತೆ ಫೋನು. “ಕ್ಷಮಾವಣಿ ದಿನಾನ ಕ್ಷಮಾ ಅಳಸ್ತೀರಿ ಅಂದ್ರ ಅರ್ಥ ಏನ್ರಿ? ನಮ್ಮನ್ನ ಕ್ಷಮಿಸೂದಿಲ್ಲಂತ ತಿಳಕೋಬೇಕೇನು?” ಅಲ್ಲಿಯವರೆಗೆ ಒಬ್ಬರ ಮೇಲೊಬ್ಬರು ಸಿಟ್ಟಾಗಿದ್ದ ಮನೆತನ ಈಗ ಒಗ್ಗಟ್ಟಾಯಿತು. ಸಹಯೋಗ ಎಂದರೆ ಇದೇ!

ಮಧ್ಯಾಹ್ನ ಮತ್ತೊಂದು ಫೋನು. ಮಾಸ್ತರರು ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಎತ್ತಿದರು. ನಾಲ್ಕು ವರ್ಷದಿಂದ ಕೇಳದ ದನಿ. ಅಣ್ಣನ ಹೆಂಡತಿ.

“ಮಾಸ್ತರ, ನಾ ಹುಕ್ಕೇರಿಯಿಂದ ಮಾತಾಡಾಕತ್ತೇನಿ.”

“ವೈನಿ!”

“ನಿಮ್ಮ ಅಣ್ಣಾರು ಮುಂಜಾನೆದ್ದು ಬಸ್ ಸ್ಟ್ಯಾಂಡ್ ಬಾಜೂಕಿನ ಕಂಪ್ಯೂಟರ್ ಅಂಗಡಿಗೆ ಹೋಗಿದ್ರು. ಒಂದೊಂದ ಅಕ್ಷರ ಹುಡುಕಿ ಬರದು ಬಂದ್ರು. ‘ಕಡಬು ಮಾಡು, ಧರಣ್ಯಾ ಊಟಕ್ಕ ಬರ್ತಾನ’ ಅಂದ್ರು. ಜವಾಬು ಬಂತೇನು ನೋಡ್ತೇನಿ ಅಂತ ಮತ್ತ ಹೋದ್ರ ನೀವು ಅಳಿಸೀರಿ. ಅಳಸೂದು ಅಳಿಸಿದ್ರಿ, ಬರದ ಮನಷ್ಯಾನ ಮುಖಾ ಒಂದು ಸಲ ನೆನಸ್ಬೇಕಿಲ್ಲ?” ಫೋನು ಇಟ್ಟ ಸಪ್ಪಳ.

ಮಾಸ್ತರರು ಕಂಪ್ಯೂಟರಿನ ಮುಂದೆ ಕೂತರು. ಪುಟದ ಹಳೆಯ ರೂಪಗಳೆಲ್ಲ ಒಳಗೆಲ್ಲೋ ಉಳಿದಿರುತ್ತವೆ. ಒಂದೊಂದನ್ನೇ ತೆರೆದು ಹುಡುಕಿದರು. ಸಿಕ್ಕಿತು. ಅವರು ಗುಂಡಿ ಒತ್ತುವ ಸ್ವಲ್ಪ ಮೊದಲು, ಎಲ್ಲರ ಜಗಳದ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ:

‘ತಮ್ಮಾ, ಆವತ್ತು ಫೋಟೋಕ್ಕ ಕರಿಯಾಕ ನಾನ ಅಡಿಗಿಮನಿಗೆ ಬಂದಿದ್ದೆ. ನೀ ಬೆವತು ಹೋಳಿಗಿ ಎಣಿಸಿ ಕಳಸಾಕತ್ತಿದ್ದಿ. ನನ್ನ ಮಗಳ ಲಗ್ನಾ ತನ್ನ ಮಗಳ ಲಗ್ನದಂಗ ಮಾಡಾಕತ್ತಾನ ಅಂತ ಕಣ್ಣಾಗ ನೀರು ಬಂತು. ಆ ಕಣ್ಣು ನಿನಗ ಕಾಣಬಾರದಂತ ಕರೀಲಿಲ್ಲ, ಹೊಳ್ಳಿ ಬಂದೆ. ಕರೀಬೇಕಿತ್ತು. ನಂದು ತಪ್ಪು. ಇವತ್ತು ಊಟಕ್ಕ ಬಾ.’

ಮಾಸ್ತರರು ಬಾಯಿಗೆ ಟವೆಲ್ ಹಿಡಿದುಕೊಂಡು ಅತ್ತರು.

ತ್ರಿಶಲಾ ಆಗಲೇ ಸೀರೆ ಬದಲಿಸಿದ್ದರು. “ಏಳ್ರಿ. ಹೊತ್ತು ಮುಳುಗೂದ್ರಾಗ ಮುಟ್ಟಬೇಕು. ಭಾವಾರ ಮನ್ಯಾಗ ಹೊತ್ತು ಮುಳುಗಿದ ಮ್ಯಾಲ ಉಣ್ಣಾಂಗಿಲ್ಲ, ನೀರೂ ಮುಟ್ಟಾಂಗಿಲ್ಲ.”

“ಒಂದ ನಿಮಿಷ. ಅಣ್ಣನ ಸಾಲು ಪುಟದ ಮ್ಯಾಲ ತಿರಗಿ ಕೂಡಿಸಿ ಬರ್ತೇನಿ. ಎಲ್ಲಾರೂ ನೋಡ್ಲಿ.”

“ರೀ, ಬಸ್ಸು!”

“ಒಂದ ನಿಮಿಷ!”

ಕರೆಂಟು ಹೋಯಿತು. ಬಂತು. ಕಂಪ್ಯೂಟರ್ ಕಣ್ಣು ಬಿಡಲು ತನ್ನ ಸಮಯ ತೆಗೆದುಕೊಂಡಿತು. ಅವಸರದಲ್ಲಿ ಒತ್ತಿದ ಗುಂಡಿಗೆ ಅಣ್ಣನ ಸಾಲಿನ ಜೊತೆ ಇಡೀ ಪುರಾಣ ವಾಪಸ್ಸು ಬಂತು. ಎಮ್ಮೆ ಬಂತು, ಪಡದೆ ಬಂತು, ಸೊಂಟನೋವು ಬಂತು, ಎಲ್ಲರಿಗೂ ಮತ್ತೊಮ್ಮೆ ಮೇಲ್ ಹೋಯಿತು. ಫೋನು ಕೂಗುತ್ತಿದ್ದಂತೆಯೇ ತ್ರಿಶಲಾ ಗಂಡನ ತೋಳು ಹಿಡಿದು ಹೊರಗೆಳೆದು ಬೀಗ ಹಾಕಿದರು. ಅಷ್ಟರಲ್ಲಿ ನೇರ ಬಸ್ಸು ಹೋಗಿತ್ತು. ಸಿಕ್ಕ ಬಸ್ಸು ಘಟಪ್ರಭಾದ ರೈಲು ಗೇಟಿನಲ್ಲಿ ನಿಂತಿತು. ಕಬ್ಬಿನ ಹೊಲಗಳ ಮೇಲೆ ಹೊತ್ತು ಇಳಿಯುತ್ತಿತ್ತು, ಮಾಸ್ತರರು ಕಿಟಕಿಯಿಂದ ಅದನ್ನೇ ನೋಡುತ್ತಿದ್ದರು.

ಹುಕ್ಕೇರಿಯ ಮನೆ ಮುಟ್ಟಿದಾಗ ಬೀದಿದೀಪ ಹತ್ತಿದ್ದವು. ಶ್ರೇಣಿಕರು ಹೊರಗಿನ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನಾಲ್ಕು ವರ್ಷದಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ನೋಡಿ ಮಾಸ್ತರರಿಗೆ ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. ಕೈ ಮುಗಿದರು.

“ಅಣ್ಣಾ, ತಿಳಿದೋ ತಿಳಿಯದೆಯೋ ನನ್ನಿಂದ ಏನರ ತಪ್ಪಾಗಿದ್ರ...”

“ಹಂಗ ನಡ್ಯಾಂಗಿಲ್ಲ,” ಶ್ರೇಣಿಕರು ಕೈ ಅಡ್ಡ ಹಿಡಿದರು. “ಯಾವ ತಪ್ಪು? ಯಾರಿಗೆ? ಸ್ಪಷ್ಟ ಹೇಳು. ನಿಯಮಾ ನೀನ ಹಾಕೀದಿ.”

ಊರ ಮಕ್ಕಳಿಗೆಲ್ಲ ಉತ್ತರ ಹೇಳಿಸಿದ ಮಾಸ್ತರರು ಬೆಂಚಿನ ಮೇಲೆ ನಿಂತ ಹುಡುಗನಂತೆ ನೆಲ ನೋಡಿದರು.

“ಸನ್ಮತಿ ಲಗ್ನದಾಗ ಉಣ್ಣಲಾರದ ಹೋದೆ.”

“ಮುಂದ?”

“ನಾಲ್ಕು ವರ್ಷ ನಿನ್ನ ಮನಿಗೆ ಬರಲಿಲ್ಲ.”

“ಮುಂದ?”

“ನೀ ಬರದದ್ದು ಅಳಿಸಿದೆ.”

“ಓದಿ ಅಳಿಸಿದ್ಯೋ, ಓದಲಾರದ ಅಳಿಸಿದ್ಯೋ?”

“ಓದಲಾರದ, ಅಣ್ಣಾ.”

ಶ್ರೇಣಿಕರು ಅಡ್ಡ ಹಿಡಿದ ಕೈ ಇಳಿಸಿದರು. “ಓದಿ, ಸಿಟ್ಟಿಗೆದ್ದು ಅಳಿಸ್ಯಾನ ಅಂತ ತಿಳಕೊಂಡಿದ್ದೆ. ಸಿಟ್ಟರ ಉಳದೈತಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ನೀ ನೋಡೇ ಇಲ್ಲಂತೀಯಲ್ಲೋ!”

ಮಾಸ್ತರರಿಗೆ ದುಃಖ ತಡೆಯಲಾಗಲಿಲ್ಲ. ಅಣ್ಣನ ಬದಿಗೆ ಕಟ್ಟೆಯ ತುದಿಯಲ್ಲಿ ಕೂತರು. ಒಳಗೆ ವೈನಿ ಮುಚ್ಚಿಟ್ಟ ಕಡಬಿನ ಪಾತ್ರೆಯನ್ನು ಎತ್ತಿಡುವುದು ಬಾಗಿಲಿನಿಂದ ಕಾಣುತ್ತಿತ್ತು. ಪಕ್ಕದಲ್ಲಿ ಎರಡು ಖಾಲಿ ತಾಟು. ಎರಡೂ ಒಣಗಿದ್ದವು.

“ಅಣ್ಣಾ, ನೀ ಉಂಡ್ಯಾ?”

“ಊಟಕ್ಕ ಬಾ ಅಂತ ಕರದು, ನಿನ್ನ ಬಿಟ್ಟು ಉಣ್ಣಲೇನು?” ಎಂದರು ಶ್ರೇಣಿಕರು. “ಹೊತ್ತು ಮುಳುಗೂತನಾ ಕಾದೆ. ಇನ್ನ ಮುಂಜಾನಿತನಾ ಇಬ್ಬರಿಗೂ ನೀರೂ ಇಲ್ಲ. ಇದನ್ನೂ ಸೇರಿಸಿ ಹೇಳು, ಮಾಸ್ತರ. ಸ್ಪಷ್ಟ ಹೇಳು.”