ಬೇರು ಬಂತೇನ್ರಿ?

ಮುಚ್ಚಿಟ್ಟದ್ದನ್ನು ತೆರೆದು ನೋಡದೆ ಇರುವುದು ನನ್ನಿಂದಾಗದ ಕೆಲಸ. ಒಲೆಯ ಮೇಲಿನ ಅನ್ನದ ಮುಚ್ಚಳ ತೆಗೆಯುತ್ತೇನೆ. ಹುಲ್ಲಿನಲ್ಲಿಟ್ಟ ಮಾವಿನಕಾಯಿಯನ್ನು ಹಣ್ಣಾಗುವ ಮೊದಲೇ ಒತ್ತಿ ಒತ್ತಿ ಕೆಡಿಸುತ್ತೇನೆ. ನೌಕರಿಯೂ ಇದಕ್ಕೆ ತಕ್ಕದ್ದೇ ಸಿಕ್ಕಿತ್ತು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸದರಲ್ಲಿ ನಾನು ಜಮಖಂಡಿಯ ಮಾಮಲೇದಾರ ಕಚೇರಿಯ ಗುಮಾಸ್ತ. ವಿಜಾಪುರಕ್ಕೆ ಹೋದ ಕಾಗದ ಏನಾಯಿತೆಂದು ದಿನವೂ ಕಡತ ತೆಗೆದು ನೋಡುವುದು ನನ್ನ ಕೆಲಸ. ನೋಡಿದ್ದರಿಂದ ಯಾವ ಉತ್ತರವೂ ಬೇಗ ಬರಲಿಲ್ಲ, ಆ ಮಾತು ಬೇರೆ.

ದೀಪಾವಳಿಗೆ ಹೋದಾಗ ಮುಧೋಳದ ಮಾವಶಿ ಇಂಥವನ ಕೈಗೆ ಹೂ ಬಿಡುವ ಕಳ್ಳಿಯ ಒಂದು ತುಂಡು ಕೊಟ್ಟರು. ಮಾವಶಿ ಎಂದರೆ ನನ್ನ ಹೆಂಡತಿಯ ತಾಯಿಯ ತಂಗಿ. ತಾಯಿ ತೀರಿಹೋದ ಮೇಲೆ ಅವಳಿಗೆ ತವರೆಂದು ಉಳಿದದ್ದು ಅವರೊಬ್ಬರೇ. ಅವರ ಅಂಗಳದ ಗಿಡಕ್ಕೆ ಮೈತುಂಬ ಮುಳ್ಳು, ತುದಿಯಲ್ಲಿ ನಾಲ್ಕು ಎಲೆ, ಕುಂಕುಮದಂಥ ಹೂ.

"ಕಡಿದಲ್ಲಿ ಹಾಲು ಬರತೈತಿ. ಅದು ಆರೂತನಕ ನಾಕು ದಿನ ನೆರಳಾಗ ಇಡ್ರಿ, ಆಮ್ಯಾಲೆ ಮರಳಾಗ ಊರ್ರಿ. ನೀರು ಕಡಿಮಿ. ಕೈ ಹಚ್ಚಬ್ಯಾಡ್ರಿ. ಉಗಾದಿಗೆ ಬರ್ತೀನಿ. ಗಿಡಾ ಸಾಯಿಸಿದವರ ಹೊಸ್ತಿಲಾ ನಾ ತುಳಿಯಂಗಿಲ್ಲ, ನೋಡ್ರಿ ಮತ್ತ!"

ಹೆಂಡತಿಯ ಮುಖ ಸಣ್ಣದಾಯಿತು. ಮಾವಶಿ ಅಂದದ್ದನ್ನು ಮಾಡುವವರೇ. ಅನಗವಾಡಿಯ ಬೀಗರ ಮನೆಗೆ ಹೀಗೆಯೇ ಎಷ್ಟೋ ವರ್ಷದಿಂದ ಹೋಗಿರಲಿಲ್ಲ.

ಹೇಳಿದಂತೆಯೇ ಕುಂಡದಲ್ಲಿ ಊರಿದೆವು. ಮೂರನೆಯ ದಿನ ನನಗೆ ಕಳವಳ ಶುರುವಾಯಿತು. ಒಳಗೆ ಏನು ನಡೆದಿದೆ? ಬೇರು ತುದಿಯಿಂದ ಬರುತ್ತದೋ, ಪಕ್ಕದಿಂದಲೋ? ಬಿಳಿಯೋ, ಹಳದಿಯೋ? ಮೆಲ್ಲಗೆ ಕಿತ್ತು ನೋಡಿದೆ. ಏನೂ ಇಲ್ಲ. ಮತ್ತೆ ಊರಿ, ಏನೂ ಅರಿಯದವನಂತೆ ಕೈ ತೊಳೆದೆ. ಐದನೆಯ ದಿನ ಹೆಂಡತಿಯ ಕೈಗೆ ಸಿಕ್ಕಿಬಿದ್ದೆ.

"ಅಲ್ರೀ, ಅದೇನು ಕಚೇರಿ ಕಾಗದ ಏನ್ರಿ, ದಿನಾ ತಗದು ನೋಡಾಕ? ಅದು ಸತ್ತರ ಮಾವಶಿ ಬರಂಗಿಲ್ಲ. ನನಗ ಮತ್ತ ಯಾರದಾರ?"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದೆ. ಆಣೆ ಎರಡು ದಿನ ನಡೆಯಿತು.

ಮೂರನೆಯ ದಿನ ನೋಡಿದರೆ ಎಲೆಯೆಲ್ಲ ಉದುರಿ ಕಡ್ಡಿ ಕಪ್ಪಾಗಿತ್ತು. ಸತ್ತಿತೇನೋ ಎಂದುಕೊಂಡೆ. ಆದರೂ ಕಿತ್ತು ನೋಡುವ ಚಟ ಬಿಡಲಿಲ್ಲ. ಸೋಜಿಗವೆಂದರೆ ಹೆಂಡತಿ ಬೈಯುವುದನ್ನೇ ನಿಲ್ಲಿಸಿದಳು. ಬೆಳಿಗ್ಗೆ ಚಹ ತಂದಿಟ್ಟು, "ಬೇರು ಬಂತೇನ್ರಿ?" ಎಂದು ಕೇಳುವಳು. "ಇನ್ನೂ ಇಲ್ಲ" ಎನ್ನುತ್ತಿದ್ದೆ. ಅವಳಿಗೂ ಕುತೂಹಲ ಹತ್ತಿತಲ್ಲ ಎಂದು ಮೊದಮೊದಲು ಖುಷಿಪಟ್ಟೆ. ಯುಗಾದಿ ಹತ್ತಿರ ಬಂದಂತೆ ಮಾತ್ರ ನನಗೆ ಊಟ ಸೇರದಾಯಿತು. ನನ್ನ ಕೈಯಾರೆ ಅವಳ ತವರನ್ನು ಕಿತ್ತಿದ್ದೆನಲ್ಲ!

ಹಬ್ಬದ ಹಿಂದಿನ ದಿನ ಮಾವಶಿ ಬಂದರು. ಹೊಸ್ತಿಲ ಹೊರಗೇ ನಿಂತು, "ಗಿಡಾ ಎಲ್ಲೈತಿ?" ಎಂದರು. ನಾನು ಕುಂಡಕ್ಕೆ ಅಡ್ಡ ನಿಂತೆ. ಹೆಂಡತಿ ಸರಸರ ಮಾಳಿಗೆ ಹತ್ತಿ ಬಾಯಿ ಒಡೆದ ಒಂದು ಗಡಿಗೆಯನ್ನು ಇಳಿಸಿಕೊಂಡು ಬಂದಳು. ಅದರಲ್ಲಿ ಗೇಣುದ್ದದ ಕಳ್ಳಿ, ತುದಿಯಲ್ಲಿ ಕೆಂಪು ಹೂ. "ಛಲೋ ಬಂದೈತಿ ನೋಡು" ಎಂದು ಮಾವಶಿ ಅವಳ ಗಲ್ಲ ಸವರಿ ಒಳಗೆ ಬಂದರು.

"ಹಂಗಾರ ಕುಂಡದಾಗಿನದು?" ಎಂದೆ.

"ಒಲಿಗೆ ತಂದ ಜಾಲಿ ಕಟಗಿರಿ. ನೀವು ಆಣಿ ಮಾಡಿದ ಸಂಜಿಗೇ ಬದಲು ಮಾಡೀನಿ. ನಿಮ್ಮ ಕೈಗೂ ಒಂದು ಕೆಲಸ ಬೇಕಲ್ರಿ."

ಐದು ತಿಂಗಳು ನಾನು ಬೇರಿಗಾಗಿ ನೋಡಿದ್ದೆನೇ ಹೊರತು ಕಡ್ಡಿಯನ್ನು ನೋಡಿರಲಿಲ್ಲ. ಮಾವಶಿ ನಕ್ಕು ನಕ್ಕು ಕೆಮ್ಮಿದರು. ಕುಂಡ ಖಾಲಿ ಮಾಡಲು ಹೋದರೆ ಹೆಂಡತಿ, "ಇರವಲ್ಲದ್ಯಾಕ, ಬಿಡ್ರಿ" ಎಂದಳು. ಹಬ್ಬದ ಬೆಳಿಗ್ಗೆ ಎಲ್ಲರೂ ಒಳಗಿದ್ದಾಗ, ಒಲೆಯ ಕಟ್ಟಿಗೆಯೆಂದು ಗೊತ್ತಿದ್ದೂ, ಆ ಜಾಲಿಯನ್ನು ಮೆಲ್ಲಗೆ ಕಿತ್ತು ನೋಡಿದೆ.

ಇನ್ನೂ ಇಲ್ಲ.